ಹಳೆಯ ವಿಳಾಸ

ಕಾರಣ ತೀರಿಕೊಂಡ ಮೇಲೂ ಬದುಕಿ ಉಳಿಯುವ ಏರ್ಪಾಟುಗಳನ್ನು ಏನು ಮಾಡಬೇಕು? ನಮ್ಮಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಮಡಿ-ಮೈಲಿಗೆ, ಮದುವೆ-ತಿಥಿಗಳ ಮಾತು ಬಂದಾಗ ಏಳುತ್ತದೆ. ಒಬ್ಬರು ಕಿತ್ತೊಗೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಹಿರಿಯರು ಸುಮ್ಮನೆ ಮಾಡಿರಲಿಕ್ಕಿಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಎಲೆ ಹಾಕುತ್ತಾರೆ, ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ನನಗೆ ಈ ಪ್ರಶ್ನೆ ತಲೆ ತಿನ್ನತೊಡಗಿದ್ದು ಮಾತ್ರ ಮಡಿ-ಮೈಲಿಗೆಯ ಸುಳಿವೇ ಇಲ್ಲದ ಒಂದು ಜಾಗದಲ್ಲಿ, ಕಂಪ್ಯೂಟರಿನ ಹೊಟ್ಟೆಯೊಳಗೆ. ಸಣ್ಣ ಊರಿನ ಕಾಲೇಜೊಂದರ ಕಂಪ್ಯೂಟರ್ ಕೋಣೆಯನ್ನು ಇಪ್ಪತ್ತೈದು ವರ್ಷದಿಂದ ನೋಡಿಕೊಂಡು ಬಂದವನು ನಾನು. ದಿನವೂ ಗುಡಿಸುವ ಅಂಗಳದಲ್ಲೇ ಒಂದು ಹಳೆಯ ಶಾಸನ ಬಿದ್ದಿದ್ದರೆ ಹೇಗೋ ಹಾಗೆ, ಈ ಸಂಗತಿ ನನ್ನ ಕಣ್ಣೆದುರೇ ಇತ್ತು.

ಆ ಹೊಟ್ಟೆಯನ್ನು ನೋಡಿರದವರಿಗಾಗಿ ನಾಲ್ಕು ಮಾತು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ, ಮತ್ತು ಅದರ ಜಾಡಿನಲ್ಲೇ ನಡೆದ ಲಿನಕ್ಸ್‌ನಲ್ಲಿ, ಇರುವ ಫೈಲುಗಳೆಲ್ಲ ಒಂದೇ ಮರದ ಕೊಂಬೆ-ರೆಂಬೆಗಳು. ಮರದ ಬುಡಕ್ಕೆ ರೂಟ್, ಅಂದರೆ ಬೇರು, ಎಂದು ಹೆಸರು. ಬರೆಯುವಾಗ ಬರೀ ಒಂದು ಓರೆಗೆರೆ. ಆ ಬೇರಿನಿಂದ ಹೊರಡುವ ಒಂದು ಕೊಂಬೆ ‘ಬಿನ್’. ಬೈನರಿ ಎಂಬ ಮಾತಿನ ಮೊಟಕು ಅದು. ಫೈಲುಗಳ ಪಟ್ಟಿ ತೋರಿಸುವ, ನಕಲು ಮಾಡುವ, ಅಳಿಸುವ ಪ್ರೋಗ್ರಾಮುಗಳು ಅಲ್ಲಿ ಇರುತ್ತವೆ. ಇನ್ನೊಂದು ಕೊಂಬೆಯನ್ನು ‘ಯುಎಸ್‌ಆರ್’ ಎಂದು ಮೂರೇ ಅಕ್ಷರದಲ್ಲಿ ಬರೆದು ‘ಯೂಸರ್’ ಎಂದು ಓದುತ್ತಾರೆ. ಅದರೊಳಗೆ ಮತ್ತೊಂದು ಬಿನ್; ಅಲ್ಲಿಯೂ ಪ್ರೋಗ್ರಾಮುಗಳೇ. ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಾಮಗ್ರಿಯ ‘ಲಿಬ್’ ಕೂಡ ಎರಡು ಕಡೆ, ಯಂತ್ರದ ಮೇಲ್ವಿಚಾರಕನಿಗೆಂದು ಇರುವ ‘ಎಸ್‌ಬಿನ್’ ಕೂಡ ಎರಡು ಕಡೆ. ಒಂದೇ ಮನೆಗೆ ಎರಡು ಅಡುಗೆಮನೆ, ಎರಡು ಉಗ್ರಾಣ ಎಂದುಕೊಳ್ಳಿ. ಸೌಟು ಇಲ್ಲಿ, ಜರಡಿ ಅಲ್ಲಿ.

ಯಾಕೆ ಹೀಗೆ ಎಂದು ಪ್ರತಿವರ್ಷ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ತೀರಾ ಅಗತ್ಯವಾದವು ಮೊದಲನೆಯದರಲ್ಲಿ, ಉಳಿದವು ಎರಡನೆಯದರಲ್ಲಿ ಎಂದು ಪಠ್ಯಪುಸ್ತಕದಲ್ಲಿ ಉತ್ತರವಿದೆ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬಳು, “ಅಗತ್ಯ ಯಾವುದು ಅಂತ ತೀರ್ಮಾನ ಮಾಡಿದೋರು ಯಾರು ಸರ್?” ಎಂದಳು. ಆ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ತೀರ್ಮಾನ ಮಾಡಿದ್ದು ಡಿಸ್ಕು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಮತ್ತು ಅವರ ಸಂಗಡಿಗರು 1969ರಲ್ಲಿ ಯುನಿಕ್ಸ್ ಕಟ್ಟತೊಡಗಿದರು. 1970ರಲ್ಲಿ ಅವರಿಗೆ ಪಿಡಿಪಿ-11 ಎಂಬ ಯಂತ್ರ ದೊರಕಿತು. ಅದರ ಸ್ಮರಣೆ 24 ಕಿಲೋಬೈಟು. ಅದರಲ್ಲಿ 16 ವ್ಯವಸ್ಥೆಗೇ ಬೇಕು, ಬಳಸುವವರ ಪಾಲಿಗೆ ಉಳಿದದ್ದು 8. ಡಿಸ್ಕಿನ ಅಳತೆ 512 ಕಿಲೋಬೈಟು. 1971ರ ಉತ್ತರಾರ್ಧದಲ್ಲಿ ಈ ಯಂತ್ರದ ಮೇಲೆಯೇ ಅಲ್ಲಿನ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಅರ್ಜಿಗಳನ್ನು ಟೈಪು ಮಾಡುತ್ತಿದ್ದರು. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಮದುವೆಯ ಫೋಟೋ ಸಾಮಾನ್ಯವಾಗಿ ಆ ಡಿಸ್ಕಿನಲ್ಲಿ ಹಿಡಿಸುವುದಿಲ್ಲ.

ಆಮೇಲೆ ಕಳಚಿ ತೆಗೆಯಬಹುದಾದ ಬೇರೆ ಡಿಸ್ಕುಗಳೂ ಜೊತೆಗೂಡಿದವು. 1974ರಲ್ಲಿ ರಿಚೀ ಮತ್ತು ಥಾಂಪ್ಸನ್ ಪ್ರಕಟಿಸಿದ ಹೆಸರಾಂತ ಲೇಖನದ ಹೊತ್ತಿಗೆ ಅಂಥ ಒಂದೊಂದರ ಅಳತೆ 2.5 ಮೆಗಾಬೈಟು. ಬಳಸುವವರ ಸ್ವಂತ ಫೈಲುಗಳು ಇರುತ್ತಿದ್ದದ್ದು, ಹೆಸರೇ ಹೇಳುವಂತೆ, ಯೂಸರ್ ಕೊಂಬೆಯಲ್ಲಿ. ಆ ಕೊಂಬೆ ಇದ್ದದ್ದು ಎರಡನೆಯ ಡಿಸ್ಕಿನಲ್ಲಿ. ಮೊದಲ ಡಿಸ್ಕು ತುಂಬಿತು. ಹೊಸ ಪ್ರೋಗ್ರಾಮುಗಳಿಗೆ ಜಾಗ ಇಲ್ಲ. ಪಕ್ಕದ ಡಿಸ್ಕಿನಲ್ಲಿ, ಬಳಸುವವರ ಮನೆಗಳ ನಡುವೆಯೇ, ಇನ್ನೊಂದು ಬಿನ್ ಮಾಡಿ ಹಿಡಿಸಲಾರದ್ದನ್ನು ಅಲ್ಲಿಟ್ಟರು. ಕಣಜ ತುಂಬಿದ ವರ್ಷ ಮಿಕ್ಕ ಭತ್ತವನ್ನು ಜಗಲಿಯ ಮೇಲೆ ಮೂಟೆ ಕಟ್ಟಿಡುತ್ತಾರಲ್ಲ, ಅಷ್ಟೇ. 1979ರಲ್ಲಿ ಬಂದ ಯುನಿಕ್ಸಿನ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ಯಾವ ಕೊಂಬೆಯಲ್ಲಿ ಏನಿದೆ ಎಂಬ ಪಟ್ಟಿಯೊಂದಿದೆ. ಎರಡನೆಯ ಬಿನ್ ಎದುರಿಗೆ, ಮೊದಲನೆಯದು ಚಿಕ್ಕದಾಗಿರಲಿ ಎಂಬುದಕ್ಕೆ ಇದು ಎಂಬರ್ಥದ ನಾಲ್ಕೈದು ಶಬ್ದಗಳಿವೆ. ಅದರಲ್ಲಿ ತತ್ತ್ವವೇನೂ ಇಲ್ಲ. ಇದ್ದ ಸಂಗತಿಯನ್ನು ಇದ್ದ ಹಾಗೆ ಬರೆದಿದ್ದರು.

ಆ ನಾಲ್ಕೈದು ಶಬ್ದಗಳನ್ನು ಜನ ಮರೆತರು. ಡಿಸ್ಕುಗಳು ದೊಡ್ಡವಾದವು, ಬಳಸುವವರ ಮನೆಗಳು ಯೂಸರ್ ಬಿಟ್ಟು ಬೇರೆ ಕೊಂಬೆಗೆ ಹೋದವು, ಜಗಲಿಯ ಮೇಲಿನ ಮೂಟೆಗಳು ಮಾತ್ರ ಅಲ್ಲೇ ಉಳಿದವು. ಆಗ ಕಾರಣಗಳು ಹುಟ್ಟತೊಡಗಿದವು. ತಿಥಿಯ ದಿನ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟ ಕಥೆ ನಿಮಗೆಲ್ಲ ಗೊತ್ತಿದೆ. ಅಜ್ಜ ಬೆಕ್ಕಿನ ಕಾಟ ತಾಳಲಾರದೆ ಬುಟ್ಟಿ ಕವುಚಿದ. ಮೊಮ್ಮಗ ತನ್ನ ಮನೆಯಲ್ಲಿ ಬೆಕ್ಕಿಲ್ಲವೆಂದು ಪಕ್ಕದ ಮನೆಯಿಂದ ಕಡ ತಂದು ಬುಟ್ಟಿ ಕವುಚಿದ, ಕೇಳಿದವರಿಗೆ ಶಾಸ್ತ್ರ ಹೇಳಿದ. ಎರಡು ಬಿನ್‌ಗಳ ಚರಿತ್ರೆಯನ್ನು ಬಲ್ಲವರು ಇದನ್ನೂ ಅಂಥದೇ ಒಂದು ಬೆಕ್ಕಿನ ಕಥೆ ಎಂದು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ನಗುವನ್ನು ಸ್ವಲ್ಪ ತಡೆದು ನೋಡಿದರೆ ವಿಷಯ ಅಷ್ಟು ಸುಲಭವಲ್ಲ.

ಏಕೆಂದರೆ ಆಮೇಲೆ ಹುಟ್ಟಿದ ಕಾರಣಗಳೆಲ್ಲ ಸುಳ್ಳಾಗಿರಲಿಲ್ಲ. 1980ರ ದಶಕದಲ್ಲಿ ಯಂತ್ರಗಳನ್ನು ತಂತಿಯಿಂದ ಜೋಡಿಸುವುದು ಬಳಕೆಗೆ ಬಂತು. ಡಿಸ್ಕಿಗೆ ಆಗ ಬಂಗಾರದ ಬೆಲೆ. ಯೂಸರ್ ಕೊಂಬೆಯನ್ನು ಒಂದೇ ದೊಡ್ಡ ಯಂತ್ರದಲ್ಲಿಟ್ಟು ಹತ್ತಾರು ಚಿಕ್ಕ ಯಂತ್ರಗಳು ಅದನ್ನು ದೂರದಿಂದಲೇ ಓದಿಕೊಳ್ಳುವ ಹಾಗೆ ಮಾಡಿದರು. ಚಿಕ್ಕ ಯಂತ್ರಕ್ಕೆ ಎದ್ದು ನಿಲ್ಲುವಷ್ಟು ಸಾಮಾನು ಅದರದೇ ಬಿನ್‌ನಲ್ಲಿ. ಎದ್ದ ಮೇಲೆ ಉಳಿದದ್ದು ದೊಡ್ಡಣ್ಣನ ಮನೆಯಿಂದ. ದೊಡ್ಡ ಡಿಸ್ಕು ಕೆಟ್ಟರೂ ಚಿಕ್ಕ ಬೇರಿನಿಂದ ಯಂತ್ರವನ್ನು ಎಬ್ಬಿಸಿ ದುರಸ್ತಿ ಮಾಡಬಹುದಿತ್ತು. ಬಡತನಕ್ಕಾಗಿ ಹುಟ್ಟಿದ ಏರ್ಪಾಟಿಗೆ ಹೀಗೆ ಒಂದು ಉದ್ಯೋಗ ಸಿಕ್ಕಿತು. 1994ರ ಫೆಬ್ರವರಿಯಲ್ಲಿ ಲಿನಕ್ಸ್ ಮಂದಿ ಯಾವುದು ಎಲ್ಲಿರಬೇಕೆಂಬ ಮೊದಲ ಲಿಖಿತ ನಿಯಮಾವಳಿ ಹೊರಡಿಸಿದಾಗ ಎರಡು ಬಿನ್‌ಗಳ ಭೇದ ಅದರೊಳಗೆ ಕಾಯಿದೆಯಾಗಿ ಕೂತಿತು. ಹುಟ್ಟಿದ ಕಾರಣ ಬೇರೆ, ಉಳಿದ ಕಾರಣ ಬೇರೆ. ಮನುಷ್ಯರ ವಿಷಯದಲ್ಲೂ ಹೀಗೆಯೇ ಅಲ್ಲವೇ? ಜಾತಕ ಕೂಡಿತೆಂದು ಆದ ಮದುವೆ ಜಾತಕದ ಬಲದಿಂದಲೇ ನಲವತ್ತು ವರ್ಷ ಉಳಿಯುವುದಿಲ್ಲ.

ಆದರೆ ಆ ಉದ್ಯೋಗವೂ ಹೋಯಿತು. ಪ್ರತಿಯೊಂದು ಯಂತ್ರಕ್ಕೂ ಸ್ವಂತದ ದೊಡ್ಡ ಡಿಸ್ಕು ಬಂತು. ಲಿನಕ್ಸ್ ಯಂತ್ರ ಏಳುವಾಗ ಸ್ಮರಣೆಯೊಳಗೇ ಒಂದು ಪುಟ್ಟ ತಾತ್ಕಾಲಿಕ ಬೇರನ್ನು ಬಿಚ್ಚಿಕೊಂಡು, ಬೇಕಾದ ಡಿಸ್ಕುಗಳನ್ನೆಲ್ಲ ಜೋಡಿಸಿಕೊಂಡು, ಆಮೇಲೆ ನಿಜವಾದ ಮರಕ್ಕೆ ಹತ್ತುವ ಉಪಾಯ ಬಂತು. ಹಿಂದೆ ಚಿಕ್ಕ ಬಿನ್ ಮಾಡುತ್ತಿದ್ದ ಕೆಲಸ ಅದೇ. ಹೀಗೆ 2010ರ ಸುಮಾರಿಗೆ ಎರಡು ಬಿನ್‌ಗಳ ಭೇದ ಹುಟ್ಟಿದ ಕಾರಣವನ್ನೂ ಉಳಿದ ಕಾರಣವನ್ನೂ ಎರಡನ್ನೂ ಕಳೆದುಕೊಂಡು ನಿಂತಿತ್ತು. ಹೊಸ ತೊಂದರೆಗಳು ಮಾತ್ರ ಇದ್ದವು. ಯಾವ ಪ್ರೋಗ್ರಾಮು ಯಾವ ಬಿನ್‌ನಲ್ಲಿದೆ ಎಂಬುದು ಒಂದು ಲಿನಕ್ಸಿನಿಂದ ಇನ್ನೊಂದಕ್ಕೆ ಬೇರೆ. ಇಲ್ಲಿ ಬರೆದದ್ದು ಅಲ್ಲಿ ಓಡುವುದಿಲ್ಲ.

ಆಗ ಎರಡನ್ನೂ ಒಂದು ಮಾಡುವ ಯೋಚನೆ ಬಲಿಯಿತು. ಸನ್ ಕಂಪನಿಯ ಯುನಿಕ್ಸಿನಲ್ಲಿ ಬಿನ್ ಬಹಳ ಮೊದಲೇ ಒಂದಾಗಿತ್ತು. ಲಿನಕ್ಸ್‌ಗಳಲ್ಲಿ ಫೆಡೋರಾ 2012ರ ಮೇ ತಿಂಗಳಲ್ಲಿ ತನ್ನ 17ನೆಯ ಆವೃತ್ತಿಯಲ್ಲಿ ಇದನ್ನು ಮಾಡಿತು; ಆರ್ಚ್ 2013ರಲ್ಲಿ ಮುಗಿಸಿತು. ತಮಾಷೆಯೆಂದರೆ, ಎಲ್ಲವೂ ಮೂಲಮನೆಗೆ ಮರಳಲಿಲ್ಲ. ಜಗಲಿಯ ಮೂಟೆಗಳ ಜಾಗವೇ ಮನೆಯಾಯಿತು. ವ್ಯವಸ್ಥೆಯ ಸಾಮಾನೆಲ್ಲ ಯೂಸರ್ ಎಂಬ ಒಂದೇ ಕೊಂಬೆಯಲ್ಲಿ ಇದ್ದರೆ ಅದನ್ನು ಒಟ್ಟಾಗಿ ಬೀಗ ಹಾಕಿಡಬಹುದು, ಒಟ್ಟಾಗಿ ಬದಲಿಸಬಹುದು, ಕೆಟ್ಟರೆ ನಿನ್ನೆಯ ಸ್ಥಿತಿಗೆ ಒಟ್ಟಾಗಿ ಮರಳಿಸಬಹುದು ಎಂಬುದು ಅವರ ವಾದ. ಹಳೆಯ ಬಿನ್ ಇದ್ದ ಜಾಗದಲ್ಲಿ ಸಿಮ್‌ಲಿಂಕ್ ಎಂಬ ಕೊಂಡಿಯೊಂದನ್ನು ಇಟ್ಟರು. ಈ ಕೊಂಡಿಯಲ್ಲಿ ಇರುವುದು ಇನ್ನೊಂದು ಜಾಗದ ಹೆಸರು ಮಾತ್ರ. ಹಳೆಯ ವಿಳಾಸ ಹಿಡಿದು ಬಂದವರನ್ನು ಅದು ಸದ್ದಿಲ್ಲದೆ ಹೊಸ ಮನೆಗೆ ಕರೆದೊಯ್ಯುತ್ತದೆ; ಬಂದವರಿಗೆ ತಾವು ದಾರಿ ಬದಲಿಸಿದ್ದು ತಿಳಿಯುವುದೂ ಇಲ್ಲ.

ಈ ಕೊಂಡಿ ಯಾಕೆ ಬೇಕಾಯಿತು ಎಂಬುದರಲ್ಲಿಯೇ ನನ್ನ ಪ್ರಶ್ನೆಯ ತಿರುಳಿದೆ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಒಬ್ಬ ಮೇಷ್ಟ್ರಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿ, ತಮ್ಮಷ್ಟಕ್ಕೆ ಕಲಿತು, ಲೈಬ್ರರಿಯ ಪುಸ್ತಕಗಳ ಪಟ್ಟಿಯನ್ನು ರಾತ್ರಿ ನಕಲು ಮಾಡಿಡುವ ಹನ್ನೊಂದು ಸಾಲಿನ ಒಂದು ಸ್ಕ್ರಿಪ್ಟು ಬರೆದರು. ಅದರ ಎರಡನೆಯ ಸಾಲಿನಲ್ಲಿ ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ‘ರಾತ್ರಿ ಕರೆಂಟು ಇದ್ದರೆ ಮಾತ್ರ’ ಎಂಬ ಟಿಪ್ಪಣಿಯಿದೆ. ಮೊದಲ ಸಾಲಿನಲ್ಲಿ ಒಂದು ವಿಳಾಸವಿದೆ: ಓರೆಗೆರೆ, ಬಿನ್, ಓರೆಗೆರೆ, ಎಸ್‌ಎಚ್. ಈ ಸ್ಕ್ರಿಪ್ಟನ್ನು ಓದಿ ನಡೆಸಬೇಕಾದ ಪ್ರೋಗ್ರಾಮು ಆ ಜಾಗದಲ್ಲಿ ಇರುತ್ತದೆ ಎಂದು ಅದರರ್ಥ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹೀಗೆ ವಿಳಾಸ ಬರೆಯುವ ಪದ್ಧತಿ ಶುರುವಾದದ್ದು 1980ರ ಸುಮಾರಿಗೆ, ಡೆನ್ನಿಸ್ ರಿಚೀ ಅವರಿಂದ. ಅಂದಿನಿಂದ ಜಗತ್ತಿನ ಎಷ್ಟು ಸ್ಕ್ರಿಪ್ಟುಗಳ ತಲೆಯ ಮೇಲೆ ಆ ವಿಳಾಸ ಕೂತಿದೆಯೋ ಎಣಿಸಿದವರಿಲ್ಲ.

ಮೇಷ್ಟ್ರು ನಿವೃತ್ತರಾದರು, ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಲೈಬ್ರರಿಯ ಯಂತ್ರ ಮೂರು ಸಲ ಬದಲಾಯಿತು. ಸ್ಕ್ರಿಪ್ಟು ಪ್ರತಿಸಲವೂ ಹೊಸ ಯಂತ್ರಕ್ಕೆ ಬಂದು ಕೂತಿತು. 2023ರಲ್ಲಿ ಆ ಯಂತ್ರಕ್ಕೆ ಡೆಬಿಯನ್ ಲಿನಕ್ಸಿನ 12ನೆಯ ಆವೃತ್ತಿ ಹಾಕಿದಾಗ ಎರಡು ಬಿನ್‌ಗಳು ಒಂದಾದವು. ಅವತ್ತು ರಾತ್ರಿಯೂ ಸ್ಕ್ರಿಪ್ಟು ಎಂದಿನಂತೆ ಓಡಿತು.

ನಮ್ಮಲ್ಲಿಗೆ ಹೊಸದಾಗಿ ಬಂದ ಸಹೋದ್ಯೋಗಿ ಹುಡುಗಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. “ಮೊದಲನೇ ಸಾಲು ತಿದ್ದಿಬಿಡೋಣ ಸರ್,” ಎಂದಳು. “ಇಲ್ಲದಿರೋ ಮನೆ ಹೆಸರಿಗೆ ಬರೆದ ಕಾಗದ ಇದು.”

“ಕಾಗದ ತಲುಪ್ತಾ ಇದೆಯಲ್ಲಮ್ಮಾ,” ಎಂದೆ.

“ತಲುಪಿಸೋರು ಇರೋ ತನಕ ಸರ್. ಅವರಿಗೆ ಆ ಕೆಲಸ ಕೊಟ್ಟೋರು ಯಾರು?”

ನಾನು ಸುಮ್ಮನಾದೆ. ಅವಳ ಮಾತಿನಲ್ಲಿ ನನ್ನ ಮಾತಿನಷ್ಟೇ ಹುರುಳಿತ್ತು. ಸಾಲನ್ನು ತಿದ್ದಲಿಲ್ಲ, ತಿದ್ದುವ ಅಗತ್ಯವೂ ಇರಲಿಲ್ಲ. ಡೆಬಿಯನ್ ಇವತ್ತಿಗೂ ಆ ವಿಳಾಸಕ್ಕೆ ಓಗೊಡುತ್ತದೆ. ಆದರೆ ತಲುಪಿಸುವವರು ಯಾರು ಎಂಬ ಅವಳ ಪ್ರಶ್ನೆಯ ಹಿಂದೆ ಹತ್ತು ವರ್ಷದ ಒಂದು ಜಗಳವಿದೆ.

ಡೆಬಿಯನ್ 1993ರಲ್ಲಿ ಆರಂಭವಾದದ್ದು. ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರು ಕೂಡಿ ನಡೆಸುತ್ತಾರೆ. ಮಾತು-ಮತ ಎಲ್ಲ ಬಹಿರಂಗ. ಅದರ ಮಧ್ಯದಲ್ಲಿ ಡಿಪಿಕೆಜಿ ಎಂಬ ಶಾನುಭೋಗನಿದ್ದಾನೆ. ಯಂತ್ರಕ್ಕೆ ಬಂದ ಪ್ರತಿಯೊಂದು ಪ್ಯಾಕೇಜಿಗೂ ಯಾವ ಯಾವ ಫೈಲು ಸೇರಿದ್ದು, ಅದು ಎಲ್ಲಿದೆ ಎಂದು ಈತ ಖಾತೆ ಇಡುತ್ತಾನೆ. ಪ್ಯಾಕೇಜು ಹೊಸ ಆವೃತ್ತಿಗೆ ಏರಿದಾಗ ಹಳೆಯ ಖಾತೆಯಲ್ಲಿದ್ದು ಹೊಸದರಲ್ಲಿ ಇಲ್ಲದ ಫೈಲುಗಳನ್ನು ಹುಡುಕಿ ಅಳಿಸುತ್ತಾನೆ. ಈತ ಕಣ್ಣಿಗೆ ಕಂಡದ್ದನ್ನು ನಂಬುವವನಲ್ಲ, ಬರೆದದ್ದನ್ನು ನಂಬುವವನು. ಶಾನುಭೋಗನೆಂದ ಮೇಲೆ ಹಾಗೆಯೇ ಇರಬೇಕು.

ಬಿನ್ ಇದ್ದ ಜಾಗದಲ್ಲಿ ಕೊಂಡಿ ಇಟ್ಟಾಗ ಊರಿಗೆಲ್ಲ ಎರಡೂ ಒಂದೇ ಎಂದು ಗೊತ್ತಾಯಿತು. ಶಾನುಭೋಗನಿಗೆ ಯಾರೂ ಹೇಳಲಿಲ್ಲ. ಅವನ ಲೆಕ್ಕದಲ್ಲಿ ಬಿನ್‌ನ ಒಂದು ಫೈಲು, ಯೂಸರ್ ಬಿನ್‌ನ ಅದೇ ಹೆಸರಿನ ಇನ್ನೊಂದು ಫೈಲು, ಬೇರೆ ಬೇರೆ. ನಮ್ಮ ಹಳ್ಳಿಗಳ ಪಹಣಿಯ ಗೊಂದಲ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಗದ್ದೆ ಎರಡು ಹೆಸರಿನಲ್ಲಿ ಪುಸ್ತಕದಲ್ಲಿ ಎರಡು ಕಡೆ ಬರೆದಿದೆ ಎಂದುಕೊಳ್ಳಿ. ಉಳುವವನಿಗೂ ತೊಂದರೆಯಿಲ್ಲ, ಕೊಯ್ಯುವವನಿಗೂ ಇಲ್ಲ. ಮಾರಾಟವೋ ಹಿಸ್ಸೆಯೋ ಬಂದಾಗ ಮಾತ್ರ ಬೆಂಕಿ ಹತ್ತುತ್ತದೆ. ಇಲ್ಲಿಯೂ ಹಾಗೆಯೇ. ಒಂದು ಫೈಲು ಹಳೆಯ ಪ್ಯಾಕೇಜಿನಿಂದ ಹೊಸ ಪ್ಯಾಕೇಜಿನ ಪಾಲಿಗೆ ಹೋಯಿತು, ಹೋಗುವಾಗಲೇ ಖಾತೆಯಲ್ಲಿ ಅದರ ವಿಳಾಸ ಬಿನ್‌ನಿಂದ ಯೂಸರ್ ಬಿನ್‌ಗೆ ಬದಲಾಯಿತು ಎನ್ನಿ. ಹೊಸ ಪ್ಯಾಕೇಜು ಬಂದು ಫೈಲನ್ನು ತನ್ನ ಜಾಗದಲ್ಲಿ ಇಡುತ್ತದೆ. ಆಮೇಲೆ ಶಾನುಭೋಗ ಹಳೆಯ ಪ್ಯಾಕೇಜಿನ ಖಾತೆ ತೆಗೆದು, ಬಿನ್‌ನಲ್ಲಿರುವ ಫೈಲು ಇನ್ನು ಬೇಡವಾಯಿತು ಎಂದು ಓದಿ, ಪ್ರಾಮಾಣಿಕವಾಗಿ ಅಳಿಸುತ್ತಾನೆ. ಕೊಂಡಿಯ ದಾರಿಯಲ್ಲಿ ಅವನ ಕೈ ಹೋಗಿ ಬೀಳುವುದು ಹೊಸ ಫೈಲಿನ ಮೇಲೆಯೇ. ಪುಸ್ತಕದಲ್ಲಿ ಗದ್ದೆಯಿದೆ, ನೆಲದ ಮೇಲೆ ಇಲ್ಲ.

ಡಿಪಿಕೆಜಿಯ ಉಸ್ತುವಾರಿ ಹೊತ್ತವರು ಆಕ್ಷೇಪಿಸಿದ್ದು ಇದನ್ನೇ. ಅವರು ಹಳೆಯದಕ್ಕೆ ಅಂಟಿಕೊಂಡವರಾಗಿರಲಿಲ್ಲ. ಎರಡು ಬಿನ್ ಒಂದಾಗಲಿ, ಆದರೆ ಪ್ರತಿಯೊಂದು ಪ್ಯಾಕೇಜೂ ತನ್ನ ಫೈಲನ್ನು ತಾನೇ ಹೊಸ ಜಾಗಕ್ಕೆ ಒಯ್ಯಲಿ, ಖಾತೆಯಲ್ಲಿ ಬರೆಸಲಿ, ಬೇಕಾದಲ್ಲಿ ಮಾತ್ರ ಒಂದೊಂದಾಗಿ ಕೊಂಡಿ ಇಡಲಿ. ಖಾತೆಯ ಬೆನ್ನ ಹಿಂದೆ ಇಡೀ ಕೊಂಬೆಯನ್ನು ಬದಲಿಸಿ ಎಲ್ಲ ಸರಿಯಾಯಿತು ಎನ್ನಬೇಡಿ ಎಂದು ಅವರ ವಾದ. ಎದುರಿನವರ ವಾದವೂ ಹಗುರವಾದದ್ದಲ್ಲ. ನೂರಾರು ಪ್ಯಾಕೇಜುಗಳ ನೂರಾರು ಜನ ಒಬ್ಬೊಬ್ಬರಾಗಿ ಹೊರಡುವುದನ್ನು ಕಾದರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ, ಉಳಿದವರೆಲ್ಲ ಬದಲಾಗಿದ್ದಾರೆ, ನಾವೊಬ್ಬರೇ ಎರಡು ಲೋಕಕ್ಕೂ ಸಲ್ಲುವಂತೆ ಪ್ರೋಗ್ರಾಮುಗಳನ್ನು ಹೊಂದಿಸುತ್ತ ಕೂತಿರಬೇಕೇ ಎಂದು ಅವರು ಕೇಳಿದರು.

ನಡುವೆ ಇನ್ನೊಂದು ಸಂಗತಿ ನಡೆಯಿತು. 2018-19ರಲ್ಲಿ ಹೊಸದಾಗಿ ಹಾಕಿದ ಡೆಬಿಯನ್ ಯಂತ್ರಗಳಲ್ಲಿ ಬಿನ್‌ಗಳು ಒಂದಾಗಿರುವುದೇ ವಾಡಿಕೆಯಾಗತೊಡಗಿತ್ತು. ಹಳೆಯ ಯಂತ್ರಗಳು ಹಳೆಯ ಹಾಗೆಯೇ ಇದ್ದವು. ಹೊಸ ಯಂತ್ರದ ಮೇಲೆ ತಯಾರಾದ ಕೆಲವು ಪ್ರೋಗ್ರಾಮುಗಳು ತಮಗೆ ಬೇಕಾದ ಸಾಧನವನ್ನು ಹೊಸ ವಿಳಾಸದಲ್ಲಿ ಕಂಡು, ಅದನ್ನೇ ತಮ್ಮೊಳಗೆ ಬರೆದಿಟ್ಟುಕೊಂಡವು. ಹಳೆಯ ಯಂತ್ರಕ್ಕೆ ಹೋದಾಗ ಆ ವಿಳಾಸದಲ್ಲಿ ಏನೂ ಇಲ್ಲ. ಹಳೆಯ ವಿಳಾಸ ಹಿಡಿದು ಬಂದವನನ್ನು ಹೊಸ ಮನೆಗೆ ಮುಟ್ಟಿಸಲು ಕೊಂಡಿಯಿತ್ತು. ಹೊಸ ವಿಳಾಸ ಹಿಡಿದು ಹಳೆಯ ಊರಿಗೆ ಹೋದವನಿಗೆ ಕೊಂಡಿಯಿರಲಿಲ್ಲ. ಸುಧಾರಣೆ ಮಾಡಿಕೊಂಡವರು ತಮ್ಮ ಪಾಡಿಗೆ ತಾವಿದ್ದರೂ, ಮಾಡಿಕೊಳ್ಳದವರ ಬದುಕು ಹೀಗೆ ಸ್ವಲ್ಪ ಸ್ವಲ್ಪವಾಗಿ ಕಷ್ಟವಾಗುತ್ತ ಹೋಗುತ್ತದೆ. ಅವರನ್ನು ಯಾರೂ ದೂಡಿರುವುದಿಲ್ಲ. ನಿಂತ ನೆಲ ಮಾತ್ರ ಕಿರಿದಾಗಿರುತ್ತದೆ.

ಕೊನೆಗೆ ತೀರ್ಪು ಕೊಡಬೇಕಾದದ್ದು ಡೆಬಿಯನ್ನಿನ ತಾಂತ್ರಿಕ ಸಮಿತಿ. 12ನೆಯ ಆವೃತ್ತಿಯಿಂದ ಮುಂದೆ ಎರಡು ಬಿನ್ ಒಂದಾದ ವ್ಯವಸ್ಥೆಗೆ ಮಾತ್ರ ಬೆಂಬಲವೆಂದು ಅದು 2021ರಲ್ಲಿ ತೀರ್ಮಾನಿಸಿತು. ಅದೇ ವರ್ಷ, ಯಾವ ಪ್ಯಾಕೇಜೂ ಸದ್ಯಕ್ಕೆ ತನ್ನ ಫೈಲುಗಳನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ವರ್ಗಾಯಿಸಕೂಡದು ಎಂಬ ತಡೆಯನ್ನೂ ಹಾಕಿತು. ಗದ್ದೆಯ ಖಾತೆ ಸರಿಯಾಗುವ ತನಕ ಮಾರಾಟ ಬೇಡ ಎಂದ ಹಾಗೆ. 2023ರ ಜೂನ್‌ನಲ್ಲಿ 12ನೆಯ ಆವೃತ್ತಿ ಬಂತು. ಆಮೇಲೆ ತಡೆ ಸಡಿಲಾಯಿತು. ಯಾವ ಪ್ಯಾಕೇಜು ಯಾವ ಕ್ರಮದಲ್ಲಿ ಹೋದರೆ ಯಾವ ಫೈಲು ಕಳೆಯಬಹುದು ಎಂದು ಹುಡುಕಿ, ಒಂದೊಂದನ್ನೇ ತಿದ್ದಿ, ಫೈಲುಗಳ ನಿಜವಾದ ವಿಳಾಸವನ್ನು ಖಾತೆಗೆ ಹತ್ತಿಸುವ ಕೆಲಸ ನಡೆಯಿತು. ಅದರ ಫಲ 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಲ್ಲಿದೆ. ಫೆಡೋರಾ ಒಂದು ಆವೃತ್ತಿಯಲ್ಲಿ ಮಾಡಿದ್ದು ಇಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಇದನ್ನು ಕಂಡು ಪ್ರಜಾಪ್ರಭುತ್ವದ ನಿಧಾನಗತಿ ಎಂದು ಹಾಸ್ಯ ಮಾಡುವವರಿದ್ದಾರೆ. ನನಗೆ ಹಾಸ್ಯ ಬರುವುದಿಲ್ಲ. ಹತ್ತು ವರ್ಷ ಕಾಲ ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳು, ನಮ್ಮ ಲೈಬ್ರರಿಯದೂ ಸೇರಿ, ತಮ್ಮ ಪಾಡಿಗೆ ತಾವು ಓಡುತ್ತಿದ್ದವಲ್ಲ.

ಇಷ್ಟನ್ನೆಲ್ಲ ಮುಂದಿಟ್ಟುಕೊಂಡು ಯೋಚಿಸಿದಾಗ ನನಗೆ ತೋರುವುದು ಹೀಗೆ. ಒಂದು ಏರ್ಪಾಟಿನ ಕಾರಣ ಸತ್ತಿತು ಎಂದ ಮಾತ್ರಕ್ಕೆ ಅದನ್ನು ನಂಬಿದವರ ನಂಬಿಕೆ ಸಾಯುವುದಿಲ್ಲ. ಮೇಷ್ಟ್ರು ಬಿನ್ ಎಂದು ಬರೆದದ್ದು 512 ಕಿಲೋಬೈಟಿನ ಡಿಸ್ಕನ್ನು ನೆನೆದಲ್ಲ, ತಿಳಿದವರು ಹೀಗೆ ಬರೆಯಿರಿ ಎಂದರು, ಬರೆದರು. ಆ ನಂಬಿಕೆಯೇ ಈಗ ಒಂದು ಹೊಸ ಕಾರಣ. ಹಳೆಯದಕ್ಕಿಂತ ಗಟ್ಟಿಯಾದ ಕಾರಣ. ಬೆಕ್ಕಿನ ಕಥೆಯಲ್ಲಿ ನಾವು ಅಜ್ಜನನ್ನು ಕೇಳುತ್ತೇವೆ, ಮೊಮ್ಮಗನನ್ನು ನಗುತ್ತೇವೆ. ಅಷ್ಟು ವರ್ಷ ಬುಟ್ಟಿಯಡಿ ಕೂತ ಮೇಲೆ ಸಂಜೆ ಒಂದು ಬಟ್ಟಲು ಹಾಲು ಸಿಗುತ್ತದೆಂದು ಕಾಯುವುದನ್ನು ಕಲಿತ ಬೆಕ್ಕಿನ ಮಾತು ಯಾರೂ ಎತ್ತುವುದಿಲ್ಲ. ಬುಟ್ಟಿಯನ್ನು ತೆಗೆಯಬೇಕು, ನಿಜ. ಬಟ್ಟಲನ್ನೂ ತೆಗೆಯಬೇಕೇ?

ಹಾಗೆಂದು ಹಳೆಯದನ್ನು ಮುಟ್ಟಲೇಬಾರದು ಎನ್ನುವುದು ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡ ಹಾಗೆ. ಮನೆ ಬದಲಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಬದಲಿಸುವವನ ಮೇಲೆ ಎರಡು ಋಣಗಳಿವೆ. ಹಳೆಯ ವಿಳಾಸಕ್ಕೆ ಬಂದವರು ಬರಿಗೈಯಲ್ಲಿ ಹಿಂತಿರುಗದಂತೆ ನೋಡಿಕೊಳ್ಳುವುದು ಮೊದಲನೆಯದು. ಕೊಂಡಿ ಇಟ್ಟವರು ಅದನ್ನು ತೀರಿಸಿದರು. ಬದಲಾದದ್ದನ್ನು ಲೆಕ್ಕ ಇಡುವವನಿಗೆ ಸರಿಯಾಗಿ ತಿಳಿಸಿ, ಅದರಿಂದ ಅವನಿಗೆ ಬೀಳುವ ಕೆಲಸದಲ್ಲಿ ಹೆಗಲು ಕೊಡುವುದು ಎರಡನೆಯದು. ಈ ಎರಡನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಬಂದವರ ಮುಂದೆ ಎಲ್ಲ ಮೊದಲಿನಂತೆಯೇ ಇದೆ ಎಂದು ನಗುವುದು ಸುಲಭ. ಆ ನಗುವಿನ ಬೆಲೆಯನ್ನು ಒಳಗೆ ದೀಪ ಹಚ್ಚಿಕೊಂಡು ಖಾತೆ ಬರೆಯುವವನು ತೆರುತ್ತಿರುತ್ತಾನೆ. ನಮ್ಮ ಸಹೋದ್ಯೋಗಿ ಹುಡುಗಿ ಕೇಳಿದ್ದು ಅವನ ಪರವಾಗಿ.

ಇದಕ್ಕೊಂದು ಆಕ್ಷೇಪಣೆಯಿದೆ. ಈ ಕೊಂಡಿಯೇ ಮುಂದೊಂದು ದಿನ ಕಾರಣ ಮರೆತ ಏರ್ಪಾಟಾಗುವುದಿಲ್ಲವೇ? ಇನ್ನು ಐವತ್ತು ವರ್ಷಕ್ಕೆ ಇನ್ಯಾವುದೋ ಹುಡುಗಿ, ಇಲ್ಲದ ಬಿನ್‌ಗೆ ಯಾಕೆ ಒಂದು ಹೆಸರು ಎಂದು ಕೇಳಲಾರಳೇ? ಖಂಡಿತ ಕೇಳುತ್ತಾಳೆ, ಕೇಳಬೇಕು. ಅವಳಿಗೆ ಉತ್ತರ ಸಿಗುವ ಹಾಗೆ ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು. 1979ರ ಕೈಪಿಡಿಯವರು ತಮ್ಮ ಬಡತನವನ್ನು ಮುಚ್ಚಿಡದೆ ನಾಲ್ಕೈದು ಶಬ್ದದಲ್ಲಿ ಬರೆದಿಟ್ಟಿದ್ದರು. ಅದನ್ನು ಓದಿದವರು ಎರಡು ಬಿನ್‌ಗಳ ನಡುವೆ ಯಾವ ಪಾವಿತ್ರ್ಯದ ಗೆರೆಯೂ ಇಲ್ಲವೆಂದು ತಿಳಿಯಬಹುದಿತ್ತು. ಡೆಬಿಯನ್ನಿನವರ ಜಗಳವಂತೂ ಪೂರ್ತಿ ಬಹಿರಂಗವಾಗಿದೆ. ಯಾರು ಏನೆಂದರು, ಯಾಕೆ ತಡವಾಯಿತು ಎಲ್ಲ ಓದಲು ಸಿಗುತ್ತದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಏರ್ಪಾಟು ಬಿಟ್ಟುಹೋದರು, ಕಾರಣ ಬರೆದಿಡಲಿಲ್ಲ. ಅದಕ್ಕೇ ನಾವು ತಿಥಿಯೂಟದ ಪಂಕ್ತಿಯಲ್ಲಿ ಇವತ್ತಿಗೂ ಊಹೆಯ ಮೇಲೆ ಜಗಳವಾಡುತ್ತಿದ್ದೇವೆ.

ಕೆಲಸ ಇಲ್ಲಿಗೆ ಮುಗಿದಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಫೆಡೋರಾದ 42ನೆಯ ಆವೃತ್ತಿಯಲ್ಲಿ ಎಸ್‌ಬಿನ್ ಕೂಡ ಬಿನ್‌ನೊಳಗೆ ಸೇರಿತು. ಉಳಿದವರು ತಮ್ಮ ತಮ್ಮ ಕಾಲಕ್ಕೆ ಏನು ಮಾಡುತ್ತಾರೋ ಮಾಡಲಿ. ನಿಮ್ಮ ಹತ್ತಿರ ಇತ್ತೀಚಿನ ಲಿನಕ್ಸ್ ಯಂತ್ರವಿದ್ದರೆ ಬೇರಿನಲ್ಲಿ ಏನೇನಿದೆ ಎಂದು ಒಮ್ಮೆ ಪಟ್ಟಿ ಮಾಡಿಸಿ ನೋಡಿ. ಬಿನ್ ಎಂಬ ಹೆಸರಿನ ಮುಂದೆ ಒಂದು ಬಾಣ, ಬಾಣದ ಮುಂದೆ ಹೊಸ ವಿಳಾಸ ಇರುತ್ತದೆ. ಆ ಕೊಂಡಿಯ ಅಳತೆಯನ್ನೂ ಯಂತ್ರ ಪಕ್ಕದಲ್ಲೇ ತೋರಿಸುತ್ತದೆ: 7 ಬೈಟು. ಹೊಸ ವಿಳಾಸ ಬರೆಯಲು ಬೇಕಾಗುವ ಏಳು ಅಕ್ಷರ, ಅಷ್ಟೇ. 1971ರ ಆ ಪುಟ್ಟ ಡಿಸ್ಕಿನಲ್ಲಿಯೂ ಅಷ್ಟಕ್ಕೆ ಜಾಗ ಸಿಗುತ್ತಿತ್ತು.